ಎಲೆ ಪರೀಕ್ಷೆಯ ಪ್ರಯೋಗಾಲಯಕ್ಕೆ ಡಿಐ ನೀರಿನ ಪೈಪು: ಯಾವ ವಸ್ತು ಸೂಕ್ತ?

ಪ್ರಶ್ನೆ (ಕುಶಾಲನಗರದಿಂದ)

ಕಾಫಿ ಹಾಗೂ ಕರಿಮೆಣಸಿನ ತೋಟಗಳ ಮಣ್ಣು ಮತ್ತು ಎಲೆಗಳ ಪರೀಕ್ಷೆಗಾಗಿ ಇಲ್ಲಿ ಸಣ್ಣದೊಂದು ಪ್ರಯೋಗಾಲಯ ಸಿದ್ಧವಾಗುತ್ತಿದೆ. ಆರ್‌ಒ ಮತ್ತು ಡಿಅಯೋನೈಸೇಷನ್ (ಡಿಐ, ಅಂದರೆ ಕರಗಿದ ಲವಣಗಳನ್ನು ತೆಗೆಯುವ) ಘಟಕಗಳು ಹಿಂಭಾಗದ ಕೋಣೆಯಲ್ಲಿದ್ದು, ಅಲ್ಲಿಂದ ಸುಮಾರು 25 ಮೀಟರ್ ದೂರದ ಮೇಜುಗಳಿಗೆ ನೀರನ್ನು ಒಯ್ಯಬೇಕಾಗಿದೆ. ತುಕ್ಕು ಹಿಡಿಯುವುದಿಲ್ಲವೆಂದು ಪ್ಲಂಬರ್ ತಾಮ್ರವನ್ನು ಸೂಚಿಸುತ್ತಾರೆ. ಘಟಕ ಪೂರೈಸಿದವರು ಎಸ್‌ಎಸ್ 316ಎಲ್ (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಬೇಕೆನ್ನುತ್ತಾರೆ. ಕಟ್ಟಡದ ಗುತ್ತಿಗೆದಾರರು ಯುಪಿವಿಸಿ (ಗಟ್ಟಿ ಪಿವಿಸಿ ಪ್ಲಾಸ್ಟಿಕ್) ಸಾಕೆನ್ನುತ್ತಾರೆ. ನಾವು ಮುಖ್ಯವಾಗಿ ಅಳೆಯುವುದು ಸತು, ತಾಮ್ರ ಮತ್ತು ಬೋರಾನ್. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಡಿಕೇರಿಯಿಂದ)

ಮಾನ್ಯರೇ, ತಾಮ್ರದ ಪೈಪನ್ನು ಮೊದಲೇ ಕೈಬಿಡಿ. ಸಾಮಾನ್ಯ ನಲ್ಲಿ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಲೋಹದ ಒಳಮೈ ಮೇಲೆ ಕಾಲಕ್ರಮದಲ್ಲಿ ರಕ್ಷಣೆಯ ಪದರವೊಂದನ್ನು ಕಟ್ಟಲು ನೆರವಾಗುತ್ತವೆ. ಡಿಐ ನೀರಿನಲ್ಲಿ ಅವು ಇರುವುದಿಲ್ಲ. ಮೇಲಾಗಿ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಪಿಎಚ್ 5.5ರಿಂದ 6ರ ಆಸುಪಾಸಿಗೆ ಇಳಿಯುವುದರಿಂದ, ತಾಮ್ರ ಸ್ವಲ್ಪ ಸ್ವಲ್ಪವಾಗಿ ಕರಗುತ್ತಲೇ ಇರುತ್ತದೆ. ಬೋರ್ಡೋ ದ್ರಾವಣ ಹೊಡೆದ ತೋಟದ ಎಲೆಗಳು ಮೊದಲೇ ಮೈಲುತುತ್ತದ (ತಾಮ್ರದ ಸಲ್ಫೇಟ್) ಶೇಷವನ್ನು ಹೊತ್ತು ಬರುತ್ತವೆ. ಅವನ್ನು ತೊಳೆಯುವ ನೀರೂ ತಾಮ್ರ ಸೇರಿಸಿದರೆ ಬೆಳೆಗಾರರಿಗೆ ಕೊಡುವ ವರದಿಗೆ ಅರ್ಥವೇ ಉಳಿಯುವುದಿಲ್ಲ. ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪು ಇದೇ ರೀತಿ ಸತುವನ್ನು ಬಿಡುತ್ತದೆ, ಹಿತ್ತಾಳೆಯ ವಾಲ್ವು ಎರಡನ್ನೂ ಬಿಡುತ್ತದೆ.

ಉತ್ತರ 2 (ವಿರಾಜಪೇಟೆಯಿಂದ)

ಮೇಲಿನ ಮಾತು ಸರಿ. 316ಎಲ್ ಒಳ್ಳೆಯ ವಸ್ತುವೇ, ಆದರೆ ಅದರ ನಿಜವಾದ ಸ್ಥಾನ ಬಿಸಿನೀರು ಅಥವಾ ಹಬೆಯಿಂದ ಕೊಳವೆಯನ್ನು ಶುದ್ಧೀಕರಿಸುವ ಔಷಧ ಕಾರ್ಖಾನೆ. ಆರ್ಗಾನ್ ರಕ್ಷಣೆಯಲ್ಲಿ ಬೆಸುಗೆ ಹಾಕಿ, ಬಳಿಕ ನೈಟ್ರಿಕ್ ಅಥವಾ ಸಿಟ್ರಿಕ್ ಆಮ್ಲದಿಂದ ಪ್ಯಾಸಿವೇಷನ್ (ಉಕ್ಕಿನ ಮೈಮೇಲೆ ರಕ್ಷಣೆಯ ಪದರ ಮೂಡಿಸುವುದು) ಮಾಡದಿದ್ದರೆ, ಕೊಟ್ಟ ಹಣಕ್ಕೆ ತಕ್ಕ ಶುದ್ಧತೆ ಸಿಗದು. ನಿಮ್ಮ ಕೆಲಸಕ್ಕೆ ಅದು ದುಂದುವೆಚ್ಚ.

ಯುಪಿವಿಸಿ ಗಾಜಿನ ಪಾತ್ರೆ ತೊಳೆಯುವ ಸಾಲಿಗೆ ನಡೆಯುತ್ತದೆ. ಆದರೆ ಕೀಲುಗಳಿಗೆ ಹಚ್ಚುವ ಸಲ್ಯೂಷನ್ (ಅಂಟು) ಕೆಲವು ಕಾಲ ಸಾವಯವ ದ್ರಾವಕಗಳನ್ನು ನೀರಿಗೆ ಬಿಡುತ್ತದೆ. ಇನ್ನೊಂದು ವಿಷಯ ನಿಮಗೇ ವಿಶೇಷವಾಗಿ ಸಂಬಂಧಿಸಿದ್ದು: ಸೀಸದ ಸ್ಥಿರಕಾರಿಗೆ (ಶಾಖಕ್ಕೆ ಪ್ಲಾಸ್ಟಿಕ್ ಕೆಡದಂತೆ ಬೆರೆಸುವ ವಸ್ತು) ಬದಲಾಗಿ ಈಗ ಅನೇಕ ಪಿವಿಸಿ ಪೈಪುಗಳಲ್ಲಿ ಕ್ಯಾಲ್ಸಿಯಂ–ಸತು ಸ್ಥಿರಕಾರಿ ಇರುತ್ತದೆ. ಸತುವನ್ನೇ ಅಳೆಯುವವರು ಸತುವಿರುವ ಪೈಪನ್ನು ಏಕೆ ಆರಿಸಬೇಕು?

ನನ್ನ ಸಲಹೆ, ಬಣ್ಣ ಬೆರೆಸದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದನ್ನು ಶಾಖದಿಂದಲೇ ಬೆಸೆಯುವುದರಿಂದ ಅಂಟಿನ ಪ್ರಶ್ನೆ ಏಳುವುದಿಲ್ಲ. ಪಿವಿಡಿಎಫ್ (ಫ್ಲೋರಿನ್ ಇರುವ ಪ್ಲಾಸ್ಟಿಕ್) ಇನ್ನೂ ಶುದ್ಧ, ಆದರೆ ಅದು ಕಂಪ್ಯೂಟರ್ ಚಿಪ್ ತಯಾರಿಸುವವರ ಬೆಲೆಯ ವಸ್ತು. ಪಾಲಿಪ್ರೊಪಿಲೀನ್ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 0.15 ಮಿಲಿಮೀಟರ್ ಹಿಗ್ಗುತ್ತದೆ. 25 ಮೀಟರಿಗೆ 15 ಡಿಗ್ರಿ ವ್ಯತ್ಯಾಸವಾದರೆ 56 ಮಿಲಿಮೀಟರ್ ಆಯಿತು. ಆದ್ದರಿಂದ ಬಾಗುಗಳನ್ನು ಕೊಡಿ, ಕ್ಲಾಂಪುಗಳನ್ನು ಹತ್ತಿರ ಹತ್ತಿರ ಹಾಕಿ, ಬಿಸಿಲು ಬೀಳುವ ಹೊರಗೋಡೆಯ ಮೇಲೆ ಒಯ್ಯಬೇಡಿ.

ಉತ್ತರ 3 (ಸೋಮವಾರಪೇಟೆಯಿಂದ)

ಪೈಪಿಗಿಂತ ನಿಂತ ನೀರೇ ಹೆಚ್ಚು ಕೆಡುತ್ತದೆ. ಮೇಜುಗಳನ್ನು ಸುತ್ತಿ ಘಟಕಕ್ಕೇ ಮರಳುವ ಸುತ್ತುಕೊಳವೆಯನ್ನಾಗಿ ಮಾಡಿ, ಕವಲುಗಳನ್ನು ಗಿಡ್ಡವಾಗಿಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುವುದೋ ಹೇಳಲಾಗದು; ಪಂಪು ನಿಂತು ಹೊರಟ ಮೇಲೆ ಮೊದಲ ನೀರನ್ನು ಚೆಲ್ಲುವುದು ಒಳಿತು. ಬೋರಾನ್ ವಿಷಯದಲ್ಲಿ ಪೈಪನ್ನಷ್ಟೇ ದೂಷಿಸಬೇಡಿ: ಡಿಐ ಘಟಕದಲ್ಲಿ ಲವಣಗಳನ್ನು ಹಿಡಿಯುವ ರಾಳ ಸವೆಯುತ್ತಾ ಬಂದಾಗ, ವಾಹಕತೆಯ ಮಾಪಕ ಇನ್ನೂ ಚೆನ್ನಾಗಿಯೇ ತೋರಿಸುತ್ತಿರುವಾಗಲೇ ಬೋರಾನ್ ದಾಟಿ ಬರುತ್ತದೆ. ನೀರನ್ನು ಬೋರಾನ್ ಇರುವ ಬೋರೋಸಿಲಿಕೇಟ್ ಗಾಜಿನಲ್ಲಿ ಶೇಖರಿಸುವುದೂ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಲ್ಲಿನ ಅಂಗಡಿಗಳಲ್ಲಿ ಸಿಕ್ಕಿದ್ದು ಹಸಿರು ಬಣ್ಣದ ಪಿಪಿಆರ್ (ಪಾಲಿಪ್ರೊಪಿಲೀನಿನದೇ ಒಂದು ಬಗೆ) ಮಾತ್ರ. ಅದು ನಡೆದೀತೇ?

ಉತ್ತರ 2

ಊಹಿಸುವುದಕ್ಕಿಂತ ಪರೀಕ್ಷಿಸಿ. ಒಂದು ತುಂಡನ್ನು ಚೆನ್ನಾಗಿ ತೊಳೆದು, ಡಿಐ ನೀರು ತುಂಬಿಸಿ, ಎರಡು ತುದಿಗಳನ್ನೂ ಪಾಲಿಪ್ರೊಪಿಲೀನ್ ಮುಚ್ಚಳದಿಂದ ಮುಚ್ಚಿ ರಾತ್ರಿಯಿಡೀ ಇಡಿ. ಮರುದಿನ ಆ ನೀರನ್ನೂ ತಾಜಾ ನೀರನ್ನೂ ಒಟ್ಟಿಗೆ ನಿಮ್ಮ ಉಪಕರಣದಲ್ಲಿ ಓಡಿಸಿ ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಹಸಿರು ಪೈಪನ್ನೇ ಹಾಕಬಹುದು. ಆದರೆ ಪಿಪಿಆರ್‌ನ ಥ್ರೆಡ್ ಇರುವ ಫಿಟ್ಟಿಂಗುಗಳೊಳಗೆ ಸಾಮಾನ್ಯವಾಗಿ ಹಿತ್ತಾಳೆಯ ಬಳೆ ಇರುತ್ತದೆ. ಅವನ್ನು ಮಾತ್ರ ಬಳಸದೆ, ಕೊನೆಯ ನಲ್ಲಿಯವರೆಗೂ ಪ್ಲಾಸ್ಟಿಕ್ಕನ್ನೇ ಕೇಳಿ ಪಡೆಯಿರಿ.