ಸಹಾಯ ಬೇಕು: ರಣಜಿ ಮ್ಯಾಚ್ ನೋಡಬೇಕು, ಸೀನು ಬಿಡುತ್ತಿಲ್ಲ!

ಹುಬ್ಬಳ್ಳಿಯ ರಾಜನಗರ ಸ್ಟೇಡಿಯಂನಲ್ಲಿ ಕರ್ನಾಟಕದ ರಣಜಿ ಮ್ಯಾಚ್ ಇದ್ದರೆ ನಾನು ತಪ್ಪಿಸುವುದಿಲ್ಲ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ ಹೂ ಬಿಟ್ಟಿರುತ್ತದೆ, ನನಗೆ ಅಲರ್ಜಿ ಶುರು. ಬೌಲರ್ ಓಡಿ ಬರುವಾಗಲೇ ಸಾಲು ಸಾಲು ಸೀನು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ವಿಕೆಟ್ ಬಿದ್ದಿರುತ್ತದೆ.

ಅಲರ್ಜಿ ಮಾತ್ರೆ ಸೆಟಿರಿಜಿನ್ ನುಂಗಿದರೆ ಊಟದ ನಂತರದ ಸೆಷನ್ ಪೂರ್ತಿ ತೂಕಡಿಕೆ. ಡಾಕ್ಟರು ಈಗ ನಿದ್ದೆ ಕಡಿಮೆ ತರಿಸುವ ಫೆಕ್ಸೊಫೆನಡಿನ್ ಬರೆದಿದ್ದಾರೆ. ಮೂಗಿನ ಸ್ಪ್ರೇ ಕೂಡ ಇದೆ, ಅದು ಸರಿಯಾಗಿ ಹಿಡಿಯಲು ಕೆಲವು ದಿನ ಬೇಕಂತೆ, ಹಾಗಾಗಿ ಮೊದಲೇ ಶುರು ಮಾಡುತ್ತೇನೆ.

ಮಾಸ್ಕ್ ಹಾಕಿಕೊಂಡು ದಿನವಿಡೀ ಬಿಸಿಲಲ್ಲಿ ಕೂರುವವರು ಯಾರಾದರೂ ಇದ್ದೀರಾ? ಯಾವ ಬಗೆಯದು ಉಸಿರು ಕಟ್ಟಿಸುವುದಿಲ್ಲ? ಧೂಳು ಕಡಿಮೆ ಇರುವ ಕಡೆ ಎಲ್ಲಿ ಕೂರಬೇಕು? ‘ಸುಮ್ನೆ ಮನೇಲಿ ಮೊಬೈಲಲ್ಲಿ ನೋಡು’ ಅಂತ ಮಾತ್ರ ಹೇಳಬೇಡಿ, ಅದನ್ನು ನಮ್ಮ ಮನೆಯವರು ದಿನಾ ಹೇಳುತ್ತಾರೆ.