ಬಳಕೆದಾರ ಪರೀಕ್ಷೆಯೊಂದರಿಂದಲೇ ಸಂಶೋಧನೆ ಅಂತರಶಿಸ್ತೀಯವಾಗುತ್ತದೆಯೇ?

ತರ್ಕಪ್ರಿಯ: ಮಾಧ್ಯಮ ತಂತ್ರಜ್ಞಾನ ಮತ್ತು ಮಾನವ-ಗಣಕ ಸಂವಹನ ಕ್ಷೇತ್ರದ ಪಿಎಚ್‌ಡಿ ಪ್ರಬಂಧಗಳಲ್ಲಿ ಒಂದು ಅಚ್ಚು ಎದ್ದು ಕಾಣುತ್ತದೆ. ಮೊದಲ ಅಧ್ಯಾಯಗಳೆಲ್ಲ ಸಾಧನವನ್ನು ಕಟ್ಟಿದ ವಿವರಕ್ಕೆ ಮೀಸಲು; ಕೊನೆಗೆ ಕೆಲವು ವಿದ್ಯಾರ್ಥಿಗಳಿಗೆ ಅದನ್ನು ಬಳಸಲು ಕೊಟ್ಟು, ಪ್ರಶ್ನಾವಳಿ ತುಂಬಿಸಿಕೊಂಡು, ಬಳಕೆದಾರರಿಗೆ ಮೆಚ್ಚುಗೆಯಾಯಿತೆಂದು ಬರೆದು ಮುಗಿಸಲಾಗುತ್ತದೆ. ಸಲಹಾ ಸಮಿತಿಯಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರೊಬ್ಬರ ಹೆಸರಿದೆ ಎಂಬ ಮಾತ್ರಕ್ಕೆ ಇದನ್ನು ಅಂತರಶಿಸ್ತೀಯ, ಅಂದರೆ ಎರಡು ಜ್ಞಾನಶಾಖೆಗಳು ಬೆರೆತ ಕೆಲಸ, ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಎರಡನೆಯ ಶಿಸ್ತು ಬಂದು ಮೊದಲನೆಯದರ ಪ್ರಶ್ನೆಯನ್ನೇ ಬದಲಿಸಬೇಕು. ಇಲ್ಲವಾದರೆ ಅಲ್ಲಿರುವುದು ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರು ಅಪರಿಚಿತರು.

ಬೆರಳಚ್ಚು: ನೀವು ಶಿಸ್ತುಗಳ ಗಡಿಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ದೂರುತ್ತಿದ್ದೀರಿ. ಈ ಕ್ಷೇತ್ರದ ಅತ್ಯಂತ ಗಟ್ಟಿಯಾದ ಸೂತ್ರಗಳಲ್ಲೊಂದನ್ನು ಕೊಟ್ಟವರು ಮನೋವಿಜ್ಞಾನಿ ಪಾಲ್ ಫಿಟ್ಸ್. ಎರಡು ಲೋಹದ ಫಲಕಗಳನ್ನು ಕಡ್ಡಿಯೊಂದರಿಂದ ಒಂದಾದ ಮೇಲೊಂದರಂತೆ ತಟ್ಟಿಸಿ, ಗುರಿಯ ದೂರ ಮತ್ತು ಅಗಲಕ್ಕೂ ಕೈ ತೆಗೆದುಕೊಳ್ಳುವ ಸಮಯಕ್ಕೂ ಇರುವ ಸಂಬಂಧವನ್ನು ಅವರು 1954ರಲ್ಲಿ ಪ್ರಕಟಿಸಿದರು. ಅವರ ಕಣ್ಣೆದುರು ಯಾವ ಪರದೆಯೂ ಇರಲಿಲ್ಲ. 1978ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನ ಸ್ಟುವರ್ಟ್ ಕಾರ್ಡ್ ಮತ್ತು ಸಂಗಡಿಗರು ಅದೇ ಸೂತ್ರವನ್ನು ಮೌಸ್‌ಗೆ ಅನ್ವಯಿಸಿದರು. ಒಂದು ಶಿಸ್ತಿನೊಳಗೆ ಆಳವಾಗಿ ಇಳಿದವರ ಫಲವನ್ನು ಇನ್ನೊಂದು ಶಿಸ್ತು ಆಮೇಲೆ ಪಡೆದುಕೊಂಡಿತು. ಇದಕ್ಕೆ ಹೊಸ ವಿಭಾಗವಾಗಲಿ, ಹೊಸ ಪದವಿಯಾಗಲಿ ಬೇಕಾಗಿರಲಿಲ್ಲ.

ತರ್ಕಪ್ರಿಯ: ಬೆರಳಚ್ಚು ಅವರೇ, ನಿಮ್ಮ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಕೈಯ ಚಲನೆಯನ್ನು ಮಾಹಿತಿಯ ಅಳತೆಯಾದ ಬಿಟ್‌ಗಳಲ್ಲಿ ಅಳೆಯಬಹುದೆಂಬ ಯೋಚನೆ ಮನೋವಿಜ್ಞಾನದ ಒಳಗಿನಿಂದ ಹುಟ್ಟಿದ್ದಲ್ಲ. ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಮಂಡಿಸಿದ ಸಂವಹನ ಸಿದ್ಧಾಂತದಿಂದ ಫಿಟ್ಸ್ ಅದನ್ನು ಪಡೆದರು. ದೂರವಾಣಿ ತಂತಿಗಳ ಕುರಿತ ಗಣಿತ ಕೈಗೆ ಬಂದಮೇಲೆಯೇ ಅವರು ಕೇಳಿದ ಪ್ರಶ್ನೆಯನ್ನು ಆ ರೂಪದಲ್ಲಿ ಕೇಳಲು ಸಾಧ್ಯವಾಯಿತು.

ಮೌನವೀಕ್ಷಕಿ: ಇಬ್ಬರೂ ಅಳೆಯಬಹುದಾದ ಸಂಗತಿಗಳನ್ನು ಮಾತ್ರ ಹೇಳುತ್ತಿದ್ದೀರಿ. ಮಾನವಶಾಸ್ತ್ರ ಓದಿದವಳಾಗಿ (ನನ್ನ ಪಕ್ಷಪಾತ ಇಲ್ಲೇ ಬಯಲಾಗಲಿ) ನಾನು ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ ಅವರ ಕೆಲಸವನ್ನು ನೆನಪಿಸುತ್ತೇನೆ. ನೆರಳಚ್ಚು ಯಂತ್ರವೊಂದಕ್ಕೆ ಅಳವಡಿಸಿದ್ದ ಸಹಾಯ ವ್ಯವಸ್ಥೆಯನ್ನು ಜನರು ಜೋಡಿಯಾಗಿ ಬಳಸುವುದನ್ನು ಅವರು ವಿಡಿಯೊದಲ್ಲಿ ಚಿತ್ರೀಕರಿಸಿದರು. ಬಳಿಕ ಅದನ್ನು ಕಾಗದಕ್ಕಿಳಿಸುವಾಗ ಅಂಕಣಗಳನ್ನಾಗಿ ವಿಂಗಡಿಸಿದರು: ಬಳಕೆದಾರರ ನಡೆಗಳಲ್ಲಿ ಯಂತ್ರಕ್ಕೆ ತಿಳಿಯದವು ಒಂದು ಕಡೆ, ತಿಳಿಯುವವು ಇನ್ನೊಂದು ಕಡೆ. ‘ಇದನ್ನು ಹೀಗೆ ಇಡಬೇಕೇನೋ’ ಎಂಬ ಪಿಸುಮಾತು, ಸೂಚನೆಯನ್ನು ಗಟ್ಟಿಯಾಗಿ ಓದಿಕೊಂಡು ಪಡುವ ಗೊಂದಲ, ಇವೆಲ್ಲ ಮೊದಲ ಅಂಕಣದಲ್ಲಿ ತುಂಬಿಕೊಳ್ಳುತ್ತವೆ. ಯಂತ್ರದ ಪಾಲಿಗೆ ಉಳಿಯುವುದು ಗುಂಡಿ ಒತ್ತಿದ್ದು, ಮುಚ್ಚಳ ತೆರೆದದ್ದು, ಇಂಥ ನಾಲ್ಕಾರು ಸುಳಿವುಗಳು ಮಾತ್ರ. ಬಳಕೆದಾರರು ಯೋಜನೆ ಹಾಕಿಕೊಂಡು ಅದರಂತೆಯೇ ನಡೆಯುತ್ತಾರೆ ಎಂಬ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆ ಎಲ್ಲಿ ಕುಸಿಯುತ್ತದೆ ಎಂಬುದು ಆ ಪುಟಗಳನ್ನು ನೋಡಿದರೆ ಸಾಕು, ತಿಳಿಯುತ್ತದೆ. 1987ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನದಲ್ಲಿ, ಯಂತ್ರ ಇಷ್ಟವಾಯಿತೇ ಎಂಬ ಪ್ರಶ್ನೆಗೆ ಜಾಗವೇ ಇಲ್ಲ.

ಕಡತವಾಸಿ: ಸಿದ್ಧಾಂತದ ಮಾತು ಸರಿ, ಆದರೆ ಇಂಥ ಕೆಲಸ ಮಾಡುವವರು ಯಾವ ವಿಭಾಗದಲ್ಲಿ ಕುಳಿತುಕೊಳ್ಳಬೇಕು? ಸಚ್‌ಮನ್ ಆ ಅಧ್ಯಯನ ನಡೆಸಿದ್ದು ಒಂದು ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಎಂಬುದನ್ನು ಮರೆಯಬಾರದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 1985ರಲ್ಲಿ ಬಾಗಿಲು ತೆರೆದದ್ದು ವಾಸ್ತುಶಿಲ್ಪ ಶಾಲೆಯ ಆಶ್ರಯದಲ್ಲಿ, ಗಣಕವಿಜ್ಞಾನ ವಿಭಾಗದಲ್ಲಲ್ಲ. ಅಲ್ಲಿ ಮಾಡಿ ತೋರಿಸುವುದಕ್ಕೆ ಬೆಲೆಯಿತ್ತು. ನೇಮಕ, ಬಡ್ತಿ, ಪ್ರಕಟಣೆಗಳ ಲೆಕ್ಕ ಹಳೆಯ ವಿಭಾಗಗಳ ಕೈಯಲ್ಲೇ ಇರುವ ತನಕ ಎರಡು ಶಿಸ್ತುಗಳ ನಡುವಿನ ಕಿರಿಯ ಸಂಶೋಧಕರು ಎರಡೂ ಕಡೆ ಅರ್ಧ ಅಂಕ ಪಡೆಯುತ್ತಾರೆ. ತರ್ಕಪ್ರಿಯ ಅವರು ಟೀಕಿಸುವ ಆ ಕೊನೆಯ ಅಧ್ಯಾಯ ಹುಟ್ಟುವುದೂ ಈ ಭಯದಿಂದಲೇ: ಅಂಕಿಅಂಶದ ಕೋಷ್ಟಕವೊಂದಿದ್ದರೆ ಪರೀಕ್ಷಕರು ಸುಮ್ಮನಿರುತ್ತಾರೆ. ಮೌಸ್‌ನ ಜನಕ ಡಗ್ಲಸ್ ಎಂಗಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಮೌಸ್, ಹೈಪರ್‌ಟೆಕ್ಸ್ಟ್ (ಕೊಂಡಿಗಳಿಂದ ಬೆಸೆದ ಪಠ್ಯ), ವಿಡಿಯೊ ಸಂವಾದಗಳನ್ನು ಒಂದೇ ವೇದಿಕೆಯಲ್ಲಿ ತೋರಿಸಿದಾಗ ಯಾರು ಪ್ರಶ್ನಾವಳಿ ಕೇಳಿದ್ದರು?

ಬೆರಳಚ್ಚು: ಕೇಳಿರಲಿಕ್ಕಿಲ್ಲ, ಆದರೆ ಪರೀಕ್ಷೆಯಂತೂ ಅದಕ್ಕೆ ಮೊದಲೇ ನಡೆದಿತ್ತು. ಅದೇ ತಂಡ 1967ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಮೌಸ್‌ನ ಜೊತೆಗೆ ಲೈಟ್ ಪೆನ್ (ಪರದೆಗೇ ಗುರಿಯಿಡುವ ಲೇಖನಿ), ಜಾಯ್‌ಸ್ಟಿಕ್, ಮೊಣಕಾಲಿನಿಂದ ನಡೆಸುವ ಸಾಧನ ಮುಂತಾದವೂ ಇದ್ದವು. ಹೊಸಬರ ಕೈಯಲ್ಲಿ ಲೈಟ್ ಪೆನ್ನೂ ಮೊಣಕಾಲಿನ ಸಾಧನವೂ ಮೌಸ್‌ಗಿಂತ ವೇಗವಾಗಿದ್ದವು. ಅಭ್ಯಾಸವಾದವರಲ್ಲಿ ಮೌಸ್ ಮುಂದಾಯಿತು.

ತರ್ಕಪ್ರಿಯ: ಈ ವಿವರಕ್ಕಾಗಿ ಕೃತಜ್ಞತೆಗಳು. ಹೊಸಬರ ಮೇಲಿನ ಪರೀಕ್ಷೆಗೇ ಅವರು ನಿಲ್ಲಿಸಿದ್ದರೆ ವೇಗದ ಲೆಕ್ಕದಲ್ಲಿ ಮೌಸ್ ಸೋಲುತ್ತಿತ್ತು. ಇಂದಿನ ಹಲವು ಪ್ರಬಂಧಗಳ ಒಂದು ಗಂಟೆಯ ಪರೀಕ್ಷೆಯಲ್ಲಿ ನಡೆಯುವುದು ಅದೇ: ಸಾಧನ ಮೊದಲ ಸಲ ಕೈಗೆ ಬಂದವರ ಅನುಭವವನ್ನು ಅಳೆದು, ಅದನ್ನು ವರ್ಷಗಟ್ಟಲೆ ಬಳಸುವವರ ಹೆಸರಿನಲ್ಲಿ ತೀರ್ಮಾನ ಬರೆಯುವುದು. ಕಡತವಾಸಿ ಅವರು ಹೇಳಿದ ಭಯ ನಿಜವೇ. ಆದರೂ ಸಲಹಾ ಸಮಿತಿಯ ಮನೋವಿಜ್ಞಾನಿಯನ್ನು ಸಾಧನ ಸಿದ್ಧವಾದ ಮೇಲಲ್ಲ, ಏನನ್ನು ಕಟ್ಟಬೇಕೆಂದು ಇನ್ನೂ ನಿರ್ಧಾರವಾಗದಿರುವಾಗಲೇ ಕರೆಯಲು ಯಾವ ನಿಯಮವೂ ಅಡ್ಡಿಯಿಲ್ಲ.

ಮೌನವೀಕ್ಷಕಿ: ಕರೆಯುವುದಾದರೆ, ‘ಇದನ್ನು ಕಟ್ಟುವುದೇ ಬೇಡ’ ಎಂದು ಹೇಳುವ ಅಧಿಕಾರವನ್ನೂ ಅವರಿಗೆ ಕೊಡಿ.

ಕಡತವಾಸಿ: ಆ ಅಧಿಕಾರ ಕೊಟ್ಟರೆ ಅನುದಾನದ ಅರ್ಜಿಯಲ್ಲಿ ಏನೆಂದು ಬರೆಯಬೇಕು? ಮೊದಲ ವರ್ಷದ ಫಲಿತಾಂಶ ‘ಕಟ್ಟಲಿಲ್ಲ’ ಎಂದೇ?

ಮೌನವೀಕ್ಷಕಿ: ಏಕೆ ಕಟ್ಟಲಿಲ್ಲ ಎಂಬುದಕ್ಕೆ ಸಾಕ್ಷ್ಯವಿದ್ದರೆ, ಖಂಡಿತವಾಗಿ ಹಾಗೆಯೇ ಬರೆಯಬೇಕು.