‘ಸ್ವಿಂಗ್ ಫೀಲ್’ಗೆ ‘ತಿಶ್ರ ನಡೆ’ ಅನ್ನಬಹುದೇ?

ಪ್ರಶ್ನೆ: ಜಾಜ್ ಡ್ರಮ್ಸ್ ಕಲಿಯುವವರಿಗಾಗಿ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಬೀಟನ್ನು ಉದ್ದ-ಗಿಡ್ಡ ಪಾಲಾಗಿ ಒಡೆದು ನುಡಿಸುವ ‘ಸ್ವಿಂಗ್ ಫೀಲ್’ಗೆ ‘ತಿಶ್ರ ನಡೆ’ ಎಂದರೆ ಮೃದಂಗ ಬಲ್ಲವರಿಗೆ ತಟ್ಟನೆ ಹೊಳೆಯುತ್ತದೆ. ಹಾಗೆ ಬರೆದರೆ ಸರಿಯೇ? ‘ತೂಗುಲಯ’ ಎಂಬ ಸಲಹೆಯೂ ಬಂದಿದೆ.

ಉತ್ತರ: ದಯವಿಟ್ಟು ‘ತಿಶ್ರ ನಡೆ’ ಬೇಡ. ಮೊದಲ ವಾರ ಅನುಕೂಲ ಅನಿಸುತ್ತದೆ, ಆಮೇಲೆ ಅದೇ ಕಾಲಿಗೆ ತೊಡರುತ್ತದೆ.

ತಿಶ್ರವೆಂದರೆ ಒಂದು ಬೀಟಿನೊಳಗೆ ಸಮನಾದ ಮೂರು ಪಾಲು: ತ-ಕಿ-ಟ. ಲಯ ನಡೆಸುವ ದೊಡ್ಡ ಲೋಹದ ತಟ್ಟೆ, ಅಂದರೆ ರೈಡ್ ಸಿಂಬಲ್ಲಿನ ‘ಡಿಂಗ್, ಡಿಂಗ್-ಅ, ಡಿಂಗ್, ಡಿಂಗ್-ಅ’ದಲ್ಲಿ 2 ಮತ್ತು 4ನೇ ಬೀಟುಗಳಿಗೆ ‘ತ’ ಮತ್ತು ‘ಟ’ ಬಾರಿಸಿ, ‘ಕಿ’ ಬಿಟ್ಟಂತೆ ಕಾಣುತ್ತದೆ. ಹಾಗೆ ಹಿಡಿದರೆ ಉದ್ದ-ಗಿಡ್ಡದ ಪ್ರಮಾಣ 2:1. ಆದರೆ ಈ ಪ್ರಮಾಣ ವೇಗದೊಂದಿಗೆ ಬದಲಾಗುತ್ತದೆ. ಸಂಶೋಧಕರಾದ ಫ್ರಿಬರ್ಗ್ ಮತ್ತು ಸುಂಡ್‌ಸ್ಟ್ರೋಮ್, ಟೋನಿ ವಿಲಿಯಮ್ಸ್, ಜ್ಯಾಕ್ ಡಿಜಾನೆಟ್ ಮುಂತಾದ ಜಾಜ್ ಡ್ರಮ್ಮರ್‌ಗಳ ರೈಡ್ ಪೆಟ್ಟುಗಳನ್ನು ಅಳೆದು 2002ರಲ್ಲಿ ಪ್ರಕಟಿಸಿದ್ದಾರೆ. ನಿಧಾನಗತಿಯಲ್ಲಿ ಪ್ರಮಾಣ 3.5:1ರವರೆಗೂ ಹೋಗುತ್ತದೆ, ಅತಿ ವೇಗದಲ್ಲಿ 1:1ಕ್ಕೆ ಇಳಿಯುತ್ತದೆ. ಮಧ್ಯಮ ವೇಗದಿಂದ ಮೇಲಕ್ಕೆ ಗಿಡ್ಡ ಪಾಲು ಸುಮಾರು 100 ಮಿಲಿಸೆಕೆಂಡಿಗೇ ನಿಲ್ಲುತ್ತದೆ. ನಿಮಿಷಕ್ಕೆ 200 ಬೀಟ್ ಇದ್ದರೆ ಒಂದು ಬೀಟಿಗೆ 300 ಮಿಲಿಸೆಕೆಂಡು, ಅಂದರೆ ಉದ್ದ ಪಾಲು 200, ಗಿಡ್ಡ ಪಾಲು 100. ತಿಶ್ರದ ಲೆಕ್ಕ ಕೂಡುವುದು ಅಲ್ಲಿ ಮಾತ್ರ. 300 ಬೀಟಿಗೆ ಏರಿದಾಗ ಎರಡೂ ಪಾಲು ಸಮ. ‘ತಕಿಟ’ ಎಣಿಸುತ್ತಲೇ ಆ ವೇಗ ಹಿಡಿಯಹೊರಟವರ ಮಣಿಕಟ್ಟು ಬಿಗಿದು, ಲಯ ಹಿಂದೆ ಬೀಳುತ್ತದೆ.

ಇನ್ನೊಂದು ತೊಡಕು ಆ ‘ಅ’ ಪೆಟ್ಟಿನದು. ತಕಿಟ ಎಣಿಸಿದರೆ ಅದು ತನ್ನ ಬೀಟಿನ ಬಾಲವಾಗಿ, ಉಳಿದ ಪೆಟ್ಟುಗಳಷ್ಟೇ ಜೋರಾಗಿ ಬೀಳುತ್ತದೆ. ಕೇಳಲು ಕುದುರೆ ಓಟ. ಅದು ಮುಂದಿನ ಬೀಟಿಗೆ ಅಂಟಿಕೊಳ್ಳಬೇಕು: ‘ಅ-ಡಿಂಗ್’. ಆದ್ದರಿಂದ ಪಾಠದಲ್ಲಿ ಮೊದಲು ‘ಅ’ ಇಲ್ಲದೆ ನಾಲ್ಕು ಸಮ ಪೆಟ್ಟು ಬಾರಿಸಲು ಹೇಳಿ. ಬೀಟ್ ಎಣಿಸುವ ಯಂತ್ರ ಮೆಟ್ರೋನೋಮನ್ನು 60ಕ್ಕಿಟ್ಟು ಅದರ ಸದ್ದನ್ನು 2 ಮತ್ತು 4 ಎಂದು ಹಿಡಿಯಲಿ, ಆಗ ನುಡಿಸುವ ವೇಗ 120. ಹೈಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಟ್ಟೆ) ಪೆಡಲ್ ಅದೇ 2, 4ಕ್ಕೆ ಚುರುಕಾಗಿ ‘ಚಿಕ್’ ಅನ್ನಲಿ. ಕಾಲಿನಿಂದ ಬಾರಿಸುವ ದೊಡ್ಡ ಬಾಸ್ ಡ್ರಮ್ ನಾಲ್ಕೂ ಬೀಟಿಗಿರಲಿ, ಆದರೆ ಬರೀ ಸವರಿದಂತೆ. ಜೋರಾದರೆ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯದ ನಾದ ಮುಚ್ಚಿಹೋಗುತ್ತದೆ. ಇಷ್ಟು ಕೂತ ಮೇಲೆ ‘ಅ’ ಸೇರಿಸಲಿ, ಕೋಲು ಪುಟಿದೇಳುವ ಬಲದಲ್ಲೇ, ಬೆರಳಲ್ಲಿ.

ಈಗ ಪದಕ್ಕೆ ಬರೋಣ. ‘ಸ್ವಿಂಗ್’ ಹಾಗೇ ಇರಲಿ. ಫೀಲ್‌ಗೆ ‘ಹದ’ ಚೆನ್ನ: ‘ಸ್ವಿಂಗ್‌ನ ಹದ’, ‘ಹದ ಕೂತಿಲ್ಲ’. ‘ತೂಗುಲಯ’ ಕೇಳಲು ಇಂಪು, ಆದರೆ ಜೋಗುಳದ ಕಡೆಗೆ ಎಳೆಯುತ್ತದೆ. ಕ್ರಿಯಾಪದವಾಗಿ ‘ಸ್ವಿಂಗ್ ಮಾಡು’ ಬದಲು ‘ಸ್ವಿಂಗ್ ಆಗು’ ಬಳಸಿ, ಅದು ಒಬ್ಬರು ಮಾಡುವಂಥದ್ದಲ್ಲ, ಡಬಲ್ ಬಾಸ್ ಮತ್ತು ರೈಡ್ ಕೂಡಿದಾಗ ಆಗುವಂಥದ್ದು. 1930ರ ದಶಕದ ಬಿಗ್ ಬ್ಯಾಂಡ್, ಅಂದರೆ ದೊಡ್ಡ ಜಾಜ್ ತಂಡಗಳ ಶೈಲಿಗೂ ಸ್ವಿಂಗ್ ಎಂದೇ ಹೆಸರು. ಅಲ್ಲಿ ‘ಸ್ವಿಂಗ್ ಶೈಲಿ’ ಎಂದು ಬಿಡಿಸಿ ಬರೆಯಿರಿ.